ಮನೇಲೇ ದುಡಿಮೆ: ಖುಷಿ ಎಲ್ಲಿದೆ, ಲೆಕ್ಕ ಎಲ್ಲಿ ತಪ್ಪುತ್ತೆ?

ಮಂಡ್ಯ: ಗಾರ್ಮೆಂಟ್ಸ್ ಬಸ್ಸಿಗೆ ಹೋಗೋರು ಬೆಳಕು ಹರಿಯೋ ಮೊದಲೇ ಅಡುಗೆ ಮುಗಿಸಿ, ಡಬ್ಬಿ ಕಟ್ಟಿ ರಸ್ತೆಗೆ ಬರಬೇಕು. ಮಗುವಿಗೆ ಜ್ವರ ಬಂದರೂ ರಜೆ ಕೇಳಬೇಕು, ಊರ ಹಬ್ಬಕ್ಕೂ ರಜೆ ಕೇಳಬೇಕು. ಅದಕ್ಕೇ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಅಥವಾ ಹಪ್ಪಳ, ಉಪ್ಪಿನಕಾಯಿ ಮಾಡಿ ಮನೆಯಿಂದಲೇ ನಾಲ್ಕು ಕಾಸು ನೋಡೋಣ ಅನ್ನೋ ಆಸೆ ಬಹಳ ಜನಕ್ಕಿದೆ. ಆಸೆ ತಪ್ಪಲ್ಲ. ಆದರೆ ಮನೇಲಿ ಮಾಡೋ ಕೆಲಸವೆಲ್ಲ ಸ್ವಂತ ಕೆಲಸ ಅಲ್ಲ. ಮೊದಲು ಈ ವ್ಯತ್ಯಾಸ ಗೊತ್ತಿರಬೇಕು.

ರೇಟು ಯಾರು ಹೇಳ್ತಾರೆ?

ಮೈಸೂರು ಸುತ್ತ ಮನೆಯಲ್ಲೇ ಅಗರಬತ್ತಿ ಹೊಸೆಯುವವರಿದ್ದಾರೆ, ಕರಾವಳಿಯಲ್ಲಿ ಬೀಡಿ ಕಟ್ಟುವವರಿದ್ದಾರೆ. ಕೆಲಸ ಮನೇದೇ. ಆದರೆ ಸಾಮಾನು ಕೊಡೋನು ಬೇರೆಯವನು, ಸಾವಿರಕ್ಕೆ ಇಷ್ಟು ಅಂತ ಹೇಳೋನೂ ಅವನೇ. ಅದು ಮನೆ ಬಾಗಿಲಿಗೆ ಬಂದ ಕೂಲಿ. ಇಂಥವರಿಗೂ ಬೇರೆ ಕಾರ್ಮಿಕರ ಹಾಗೆ ಹಕ್ಕು ಸಿಗಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಪ್ಪಂದ ಮಾಡಿದೆ.

ಮೇಲುಕೋಟೆಗೆ ಬನ್ನಿ. ಅಲ್ಲಿನ ಪುಳಿಯೋಗರೆ ಹೆಸರು ರಾಜ್ಯಕ್ಕೇ ಗೊತ್ತು. ಮನೆಯಲ್ಲೇ ಪುಳಿಯೋಗರೆ ಗೊಜ್ಜು ಮಾಡಿ ಪ್ಯಾಕೆಟ್ ಕಟ್ಟಿ ಮಾರುವವರಿದ್ದಾರೆ. ಹುಣಸೆಹಣ್ಣು ಎಲ್ಲಿ ತರಬೇಕು, ಖಾರ ಎಷ್ಟು, ಬೆಲೆ ಎಷ್ಟು, ಎಲ್ಲಾ ಅವರದ್ದೇ ತೀರ್ಮಾನ. ಗೊಜ್ಜು ಬೇಗ ಕೆಡೋದಿಲ್ಲ, ಹಾಗಾಗಿ ಇವತ್ತು ಹೋಗದಿದ್ದರೆ ನಾಳೆ ಮಾರಬಹುದು. ವೈರಮುಡಿ ಜಾತ್ರೆಗೆ ಮುಂಚೆ ಹೆಚ್ಚು ಮಾಡಿಡಬಹುದು. 'ಇಂಥವರ ಮನೆ ಗೊಜ್ಜೇ ಬೇಕು' ಅಂತ ಕೇಳಿಕೊಂಡು ಬರೋ ಗಿರಾಕಿ ಇದ್ದರಂತೂ ಆ ಖುಷಿ ಸಂಬಳದ ಚೀಟಿಯಲ್ಲಿ ಸಿಗೋದಿಲ್ಲ. ಸ್ವಂತ ದುಡಿಮೆಯ ತೃಪ್ತಿ ಅಂದ್ರೆ ಇದೇ: ಬೆಲೆಯೂ ನಮ್ಮದು, ಸಮಯವೂ ನಮ್ಮದು, ಹೆಸರೂ ನಮ್ಮದು.

ನಮ್ಮ ಕೂಲಿ ನಾವೇ ಮರೀತೀವಿ

ಲೆಕ್ಕ ತಪ್ಪೋದು ಇಲ್ಲಿ. ಉದಾಹರಣೆಗೆ ಒಂದು ಬ್ಲೌಸ್ ಹೊಲಿಯೋಕೆ 200 ರೂಪಾಯಿ ಅಂದುಕೊಳ್ಳಿ. ಲೈನಿಂಗ್, ದಾರ, ಹುಕ್ಸ್‌ಗೆ 60 ಹೋದರೆ ಉಳಿದಿದ್ದು 140. ಲಾಭ 140 ಅಂತ ಖುಷಿಪಡ್ತೀವಿ. ಆದರೆ ಅಳತೆ ತಗೊಂಡು, ಕತ್ತರಿಸಿ, ಹೊಲಿದು, ಸರಿಮಾಡಿ ಕೊಡೋಕೆ ಮೂರೂವರೆ ಗಂಟೆ ಹಿಡಿದಿದ್ದರೆ ಗಂಟೆಗೆ ಬಿದ್ದದ್ದು 40 ರೂಪಾಯಿ. ಅದು ಲಾಭ ಅಲ್ಲ, ನಮ್ಮದೇ ಕೂಲಿ. ಮೆಷಿನ್ ರಿಪೇರಿ, ಕರೆಂಟ್ ಇನ್ನೂ ಸೇರಿಲ್ಲ. ಪಕ್ಕದ ಮನೆಯವರು 'ಮುಂದಿನ ವಾರ ಕೊಡ್ತೀನಿ ಕಣಕ್ಕ' ಅಂದರೆ ಆ ಕೂಲಿಯೂ ಬಾಕಿ.

ಒಂದು ನೋಟ್‌ಬುಕ್ಕಿನಲ್ಲಿ ಸಾಮಾನಿನ ಖರ್ಚು, ಹಿಡಿದ ಗಂಟೆ, ಬರಬೇಕಾದ ಬಾಕಿ ಮೂರನ್ನೂ ಬರೆದಿಡಿ. ತಿಂಗಳಾಗೋಷ್ಟರಲ್ಲಿ ಯಾವ ಕೆಲಸ ಗಿಟ್ಟುತ್ತೆ, ಯಾವುದು ಬರೀ ಮೈನೋವು ಅಂತ ಗೊತ್ತಾಗುತ್ತೆ.

ಫ್ಯಾಕ್ಟರಿ ಬಿಟ್ಟರೆ ಪಿಎಫ್, ಇಎಸ್‌ಐ ಎರಡೂ ನಿಂತುಹೋಗುತ್ತೆ ಅನ್ನೋದೂ ನೆನಪಿರಲಿ. ಬದಲಿಗೆ 18ರಿಂದ 40 ವರ್ಷದವರು, ಆದಾಯ ತೆರಿಗೆ ಕಟ್ಟದವರು, ಬ್ಯಾಂಕ್ ಅಥವಾ ಪೋಸ್ಟ್ ಆಫೀಸಿನಲ್ಲಿ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. ಕಟ್ಟೋ ಕಂತಿನ ಮೇಲೆ 60 ವರ್ಷದ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಪಿಂಚಣಿ ಬರುತ್ತೆ.

ಕಾಗದ ಪತ್ರ ಏನು ಬೇಕು?

ತಿನ್ನೋ ಪದಾರ್ಥ ಮಾರೋದಾದರೆ ಮನೆಯಲ್ಲಿ ಮಾಡಿದ್ದಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2011ರ ನಿಯಮದಲ್ಲಿ ವರ್ಷದ ವಹಿವಾಟು 12 ಲಕ್ಷ ರೂಪಾಯಿ ಒಳಗಿರೋ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿದ್ದರು. ಸಿಗೋ 14 ಅಂಕಿಯ ನಂಬರನ್ನು ಪ್ಯಾಕೆಟ್ ಮೇಲೆ ಹಾಕಬೇಕು, ತಯಾರಿಸಿದ ದಿನಾಂಕವೂ ಇರಬೇಕು.

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತೆ, ಸರ್ಕಾರಿ ಶುಲ್ಕ ಏನೂ ಇಲ್ಲ. 'ಉದ್ಯಮ್ ಮಾಡಿಸಿದರೆ ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತೆ' ಅಂತ ಹೆದರೋರು ಒಂದು ತಿಳ್ಕೋಬೇಕು: ಗೃಹಲಕ್ಷ್ಮಿ ಸಿಗದಿರೋದು ಆದಾಯ ತೆರಿಗೆ ಕಟ್ಟುವ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮನೆಯೊಡತಿಗೆ, ಇಲ್ಲವೇ ಆಕೆಯ ಗಂಡ ಹಾಗೆ ಮಾಡುತ್ತಿದ್ದರೆ. ಉದ್ಯಮ್ ಬೇರೆ, ಜಿಎಸ್‌ಟಿ ಬೇರೆ.

ದರ್ಜಿ, ಕುಂಬಾರ, ಹೂಮಾಲೆ ಕಟ್ಟೋರು, ಬುಟ್ಟಿ, ಚಾಪೆ ಹೆಣೆಯೋರಿಗೆ ಪಿಎಂ ವಿಶ್ವಕರ್ಮ ಯೋಜನೆ ಇದೆ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಇದರಲ್ಲಿ ಒಟ್ಟು 18 ಕಸುಬು ಸೇರಿವೆ. ತರಬೇತಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇ 5 ಬಡ್ಡಿಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಪರಿಶೀಲನೆ ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯಿಂದ.

ಇನ್ನೊಂದು ಅನುಕೂಲ, ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಕಾಸಿಲ್ಲ. ಲೈನಿಂಗ್ ಬಟ್ಟೆಗೆ ಮೈಸೂರಿಗೆ ಹೋಗಿಬರೋ ಖರ್ಚು ಉಳಿಯುತ್ತೆ.

ಅಂಗಡಿಯವರಿಗೂ ಒಂದು ಮಾತು

ಮನೇಲಿ ಮಾಡಿದ ಹಪ್ಪಳ, ಚಟ್ನಿಪುಡಿಯನ್ನು 'ಮಾರಿದ ಮೇಲೆ ದುಡ್ಡು' ಅಂತ ಇಟ್ಟುಕೊಳ್ಳೋ ಅಂಗಡಿಗಳಿವೆ. ತಪ್ಪೇನಿಲ್ಲ. ಆದರೆ ಮಾರಿದ ಮೇಲೂ ತಿಂಗಳುಗಟ್ಟಲೆ ಓಡಾಡಿಸಿದರೆ ಅವರ ಮುಂದಿನ ಸಾಮಾನಿಗೆ ಕಾಸಿರಲ್ಲ. ದೊಡ್ಡ ಕಂಪನಿಯ ಸೇಲ್ಸ್‌ಮನ್‌ಗೆ ಬಂದ ದಿನವೇ ಎಣಿಸಿ ಕೊಡೋರು, ಬೀದಿಯ ಅಕ್ಕನಿಗೂ ವಾರಕ್ಕೊಂದು ದಿನ ಗೊತ್ತುಮಾಡಿ ಕೊಟ್ಟರೆ ಸಾಕು. ಆ ಕಾಸು ತಿರುಗಿ ಇದೇ ಪೇಟೆ ಬೀದಿಗೇ ಬರೋದು.