ಟಿಪ್ಪುವಿನ ಸೋದರಳಿಯ, ಕಡಲಾಳದ ಕ್ಯಾಪ್ಟನ್

ಕೊರವಂಗಲದವರು ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಮೊನ್ನೆಯ ಜಡಿಮಳೆಯ ಸಂಜೆ ಅದು ನಡುಮನೆಗೇ ಬಂತು. ಟೀವಿಯಲ್ಲಿ ಡಿಸ್ನಿಯವರ 1954ರ ‘20,000 ಲೀಗ್ಸ್ ಅಂಡರ್ ದ ಸೀ’ ಹಾಕಿದ್ದೆವು. ದೈತ್ಯ ಸ್ಕ್ವಿಡ್ ನಾಟಿಲಸ್ ಜಲಾಂತರ್ಗಾಮಿಯನ್ನು ತಬ್ಬಿ ಹಿಡಿದಾಗ ಮಕ್ಕಳು ನೆಲದ ಮೇಲಿಟ್ಟಿದ್ದ ಕಾಲನ್ನು ಮೇಲೆಳೆದುಕೊಂಡರು. ಈ ದೃಶ್ಯವನ್ನು ಮೊದಲು ಸಂಜೆಗೆಂಪಿನ ತಣ್ಣನೆ ಕಡಲಲ್ಲಿ ಚಿತ್ರೀಕರಿಸಿದ್ದರು. ಬೊಂಬೆಯ ತಂತಿಗಳು ಕಣ್ಣಿಗೆ ರಾಚುತ್ತಿದ್ದವು. ಅದನ್ನು ಬದಿಗಿಟ್ಟು, ರಾತ್ರಿ, ಬಿರುಗಾಳಿ, ಅಲೆಗಳ ಅಬ್ಬರದ ನಡುವೆ ಮತ್ತೆ ತೆಗೆದರು. ಮಕ್ಕಳನ್ನು ಹೆದರಿಸಿದ್ದು ಆ ಕತ್ತಲೆ.

ನನ್ನನ್ನು ಹಿಡಿದದ್ದು ಮಾತ್ರ ನಾಟಿಲಸ್‌ನ ಒಡೆಯ ಕ್ಯಾಪ್ಟನ್ ನೆಮೊ. ಆ ಪಾತ್ರದ ಜೇಮ್ಸ್ ಮೇಸನ್ ಆರ್ಗನ್ ನುಡಿಸುವಾಗಲೂ ಕಣ್ಣಲ್ಲಿ ಕೆಂಡ. ಯಾವುದೋ ಹೆಸರಿಲ್ಲದ ದೇಶ ಅವನ ಹೆಂಡತಿ, ಮಗನನ್ನು ಕೊಂದಿತು ಎಂದಷ್ಟೇ ಚಿತ್ರ ಹೇಳುತ್ತದೆ.

ಚಿತ್ರದ ಮೂಲ ಕಾದಂಬರಿ ಬರೆದ ಜೂಲ್ಸ್ ವರ್ನ್ ಮೊದಲು ಅವನನ್ನು ರಷ್ಯಾದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲಿಷ್ ಕುಲೀನನೆಂದು ಕಲ್ಪಿಸಿದ್ದ. ರಷ್ಯಾದ ಓದುಗರನ್ನು ಕಳೆದುಕೊಳ್ಳಲು ಪ್ರಕಾಶಕ ಹೆಟ್ಜೆಲ್‌ಗೆ ಮನಸ್ಸಿರಲಿಲ್ಲ. ಹಾಗಾಗಿ 1869-70ರ ಕಾದಂಬರಿಯಲ್ಲಿ ನೆಮೊಗೆ ಊರು-ಕೇರಿ ಇಲ್ಲ. ಆ ಹೆಸರಿಗೆ ಲ್ಯಾಟಿನ್‌ನಲ್ಲಿ ‘ಯಾರೂ ಅಲ್ಲ’ ಎಂದೇ ಅರ್ಥ. 1874-75ರಲ್ಲಿ ಬಂದ ‘ನಿಗೂಢ ದ್ವೀಪ’ದಲ್ಲಿ, ಸಾಯುವ ಮುನ್ನ ಅವನು ಗುಟ್ಟು ಬಿಟ್ಟುಕೊಡುತ್ತಾನೆ: ತಾನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಎಲ್ಲವನ್ನೂ ಕಳೆದುಕೊಂಡವನು.

ಟಿಪ್ಪು ಮಡಿದದ್ದು 1799ರಲ್ಲಿ. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ನಂಟು? ಕಾಲ, ದೂರ ಎರಡೂ ಸರಿಹೊಂದುವುದಿಲ್ಲ. ಆದರೆ ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆಯ ಆಸ್ಥಾನಕ್ಕೇ ಹೋಗಿದ್ದರು. ಬ್ರಿಟಿಷರಿಗೆ ಬಗ್ಗದವನ ಹೆಸರು ಬೇಕಾದಾಗ ಫ್ರೆಂಚ್ ಲೇಖಕನಿಗೆ ಅದು ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

1916ರ ಮೂಕಿ ಚಿತ್ರ ನೆಮೊನನ್ನು ಭಾರತೀಯ ರಾಜಕುಮಾರನೆಂದೇ ತೋರಿಸಿತ್ತು. ಡಿಸ್ನಿ ಅದನ್ನು ಕೈಬಿಟ್ಟಿತು. 2003ರ ‘ದ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್’ನಲ್ಲಿ ನಾಸಿರುದ್ದೀನ್ ಶಾ ನೆಮೊ ಆದಾಗ ನನಗಂತೂ ಸಾಲ ತೀರಿದಂತಾಯಿತು.

ನೆಮೊ ಎಲ್ಲಿಯವನೆಂಬುದಕ್ಕೆ ಮೊದಲ ಕಾದಂಬರಿಯಲ್ಲೇ ಒಂದು ಸುಳಿವಿದೆ. ಸಿಲೋನಿನ ಕಡಲಲ್ಲಿ ಮುತ್ತು ಹೆಕ್ಕುವ ಬಡವನೊಬ್ಬನನ್ನು ನೆಮೊ ಶಾರ್ಕ್‌ನ ಬಾಯಿಂದ ಬಿಡಿಸಿ, ಅವನ ಕೈಗೆ ಮುತ್ತಿನ ಚೀಲವೊಂದನ್ನು ಇಡುತ್ತಾನೆ. ಆ ಬಡವ ತುಳಿತಕ್ಕೊಳಗಾದ ನಾಡಿನವನು, ಕೊನೆಯುಸಿರಿನವರೆಗೂ ತಾನೂ ಆ ನಾಡಿನವನೇ ಎನ್ನುತ್ತಾನೆ. ಡಿಸ್ನಿಯ ಚಿತ್ರದಲ್ಲಿ ಇದಿಲ್ಲ. ಬರುವ ಭಾನುವಾರ ಟೀವಿ ಆರಿಸಿ ಮಕ್ಕಳಿಗೆ ಆ ಅಧ್ಯಾಯ ಓದಿ ಹೇಳಬೇಕು.