ನಿಸ್ತಂತು ಹೆಡ್‌ಫೋನ್

ನಿಸ್ತಂತು ಹೆಡ್‌ಫೋನ್ ಎಂಬುದು ಟಿವಿ, ಮೊಬೈಲ್ ಫೋನ್, ಗಣಕಯಂತ್ರ ಮೊದಲಾದವುಗಳಿಂದ ಧ್ವನಿಯನ್ನು ತಂತಿಯ ನೆರವಿಲ್ಲದೆ ಪಡೆದು ಕೇಳುಗರ ಕಿವಿಗೆ ತಲುಪಿಸುವ ಸಾಧನ. ಮೂಲ ಸಾಧನದಲ್ಲಿರುವ ಅಥವಾ ಅದಕ್ಕೆ ಜೋಡಿಸಿದ ಪ್ರೇಷಕವು ಧ್ವನಿಯ ಸಂಕೇತವನ್ನು ರೇಡಿಯೊ ತರಂಗ ಇಲ್ಲವೆ ಅವಕೆಂಪು ಬೆಳಕಿನ ಮೂಲಕ ಕಳುಹಿಸುತ್ತದೆ. ಹೆಡ್‌ಫೋನಿನೊಳಗಿನ ಗ್ರಾಹಕವು ಆ ಸಂಕೇತವನ್ನು ಸ್ವೀಕರಿಸಿ ಮತ್ತೆ ಧ್ವನಿಯಾಗಿ ಪರಿವರ್ತಿಸುತ್ತದೆ. ಇದಕ್ಕೆ ಬೇಕಾದ ವಿದ್ಯುತ್ತನ್ನು ಹೆಡ್‌ಫೋನಿನಲ್ಲಿರುವ ಬ್ಯಾಟರಿ ಒದಗಿಸುತ್ತದೆ.

ಈ ಸಾಧನದ ಪ್ರಮುಖ ಬಳಕೆಗಳು ಎರಡು: ಟಿವಿ ವೀಕ್ಷಣೆ ಮತ್ತು ಸಂಗೀತ ಶ್ರವಣ. ಇವೆರಡರ ಅಗತ್ಯಗಳು ಒಂದೇ ಅಲ್ಲ. ಟಿವಿಗೆ ಧ್ವನಿಯು ಸಕಾಲದಲ್ಲಿ ತಲುಪುವುದು ಮುಖ್ಯ. ಸಂಗೀತಕ್ಕೆ ಧ್ವನಿಯು ಮೂಲಕ್ಕೆ ನಿಷ್ಠವಾಗಿರುವುದು ಮುಖ್ಯ. ಸಂಗೀತಕ್ಕೆ ಉತ್ತಮವೆನಿಸಿದ ಹೆಡ್‌ಫೋನು ಟಿವಿಯ ಮುಂದೆ ನಿರಾಸೆಗೊಳಿಸುವುದಕ್ಕೆ ಈ ವ್ಯತ್ಯಾಸವೇ ಸಾಮಾನ್ಯ ಕಾರಣ.

ಇತಿಹಾಸ

1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ಅವರು ತಾವು ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಒದಗಿಸಿದರು. 1958ರಲ್ಲಿ ಜಾನ್ ಕಾಸ್ ಅವರು ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೊ ಹೆಡ್‌ಫೋನನ್ನು ಹೊರತಂದರು. 1979ರಲ್ಲಿ ಸೋನಿ ಸಂಸ್ಥೆಯ ವಾಕ್‌ಮನ್ ಬಂದ ಮೇಲೆ ನಡೆಯುತ್ತ, ಪಯಣಿಸುತ್ತ ಸಂಗೀತ ಕೇಳುವ ರೂಢಿ ಜನಸಾಮಾನ್ಯರಲ್ಲಿ ಹರಡಿತು. ಇವೆಲ್ಲವೂ ತಂತಿಯುಳ್ಳವು. ಮನೆಯ ಬಳಕೆಗೆ ಅವಕೆಂಪು ಬೆಳಕಿನ ನಿಸ್ತಂತು ಹೆಡ್‌ಫೋನುಗಳು 1970ರ ದಶಕದಲ್ಲಿ ಬಂದವು.

ಇಂದು ವ್ಯಾಪಕವಾಗಿರುವ ಬ್ಲೂಟೂತ್ ತಂತ್ರಜ್ಞಾನದ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಆರಂಭವಾಯಿತು. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ ಮತ್ತು ತೋಷಿಬಾ ಸಂಸ್ಥೆಗಳು ಒಂದುಗೂಡಿ ಇದಕ್ಕೆ ಸಮಾನ ಮಾನದಂಡ ರೂಪಿಸುವ ಒಕ್ಕೂಟವನ್ನು ಕಟ್ಟಿದವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಬ್ಲೂಟೂತ್ ಎಂಬ ಅರಸನಿಂದ ಈ ಹೆಸರು ಬಂದಿದೆ. 2016ರಲ್ಲಿ ಆಪಲ್ ಸಂಸ್ಥೆಯು ತನ್ನ ಐಫೋನ್ 7ರಲ್ಲಿ ಹೆಡ್‌ಫೋನ್ ತಂತಿಯ ಕಿಂಡಿಯನ್ನು ಕೈಬಿಟ್ಟಿತು. ಬೇರೆ ತಯಾರಕರೂ ಕ್ರಮೇಣ ಅದೇ ಹಾದಿ ಹಿಡಿದ ಮೇಲೆ ನಿಸ್ತಂತು ಹೆಡ್‌ಫೋನುಗಳ ಬಳಕೆ ಬಹಳ ಬೇಗ ಬೆಳೆಯಿತು.

ಧ್ವನಿ ಪ್ರಸಾರದ ವಿಧಗಳು

ಅವಕೆಂಪು ವಿಧಾನ: ಟಿವಿಯ ರಿಮೋಟ್ ಬಳಸುವಂಥ ಕಣ್ಣಿಗೆ ಕಾಣದ ಬೆಳಕೇ ಇಲ್ಲಿ ಧ್ವನಿಯ ವಾಹಕ. ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಈ ಬೆಳಕು ಗೋಡೆಯನ್ನು ದಾಟದು. ಪ್ರೇಷಕಕ್ಕೂ ಕೇಳುಗರಿಗೂ ನಡುವೆ ಯಾರಾದರೂ ನಿಂತರೆ ಧ್ವನಿ ಕಡಿಯಬಹುದು. ನೇರ ಬಿಸಿಲೂ ಅಡಚಣೆಯಾಗುತ್ತದೆ.

ರೇಡಿಯೊ ವಿಧಾನ: ಟಿವಿಗೆ ಜೋಡಿಸಿದ ಪೀಠವೊಂದು ಪ್ರೇಷಕದಂತೆ ಕೆಲಸ ಮಾಡುತ್ತದೆ. ಹೆಡ್‌ಫೋನನ್ನು ಚಾರ್ಜ್ ಮಾಡುವ ಆಸರೆಯೂ ಸಾಮಾನ್ಯವಾಗಿ ಅದೇ ಪೀಠ. ರೇಡಿಯೊ ತರಂಗಗಳು ಗೋಡೆಯನ್ನು ಹಾದುಹೋಗುವುದರಿಂದ ಪಕ್ಕದ ಕೋಣೆಯಲ್ಲಿಯೂ ಕೇಳಬಹುದು. ಟಿವಿಗೆಂದೇ ತಯಾರಾದ ಹೆಡ್‌ಫೋನುಗಳಲ್ಲಿ ಬಹುಪಾಲು ಈ ವರ್ಗದವು.

ಬ್ಲೂಟೂತ್ ವಿಧಾನ: ಇದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಮೂಲ ಬ್ಲೂಟೂತ್ ವ್ಯವಸ್ಥೆಯು ಈ ಪಟ್ಟಿಯನ್ನು 79 ಉಪಮಾರ್ಗಗಳಾಗಿ ವಿಂಗಡಿಸಿಕೊಂಡು ಸೆಕೆಂಡಿಗೆ 1,600 ಬಾರಿಯವರೆಗೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ವೈಫೈ ಹಾಗೂ ಮೈಕ್ರೊವೇವ್ ಒಲೆಗಳೂ ಇದೇ ಪಟ್ಟಿಯಲ್ಲಿರುವುದರಿಂದ ಈ ಜಿಗಿತವು ಅಡಚಣೆಯನ್ನು ತಗ್ಗಿಸುವ ಉಪಾಯ. ಸಾಮಾನ್ಯ ಸಾಧನಗಳ ವ್ಯಾಪ್ತಿ ಸುಮಾರು 10 ಮೀಟರ್. ಒಂದೇ ಹೆಡ್‌ಫೋನು ಫೋನ್, ಟಿವಿ, ಗಣಕಯಂತ್ರಗಳೆಲ್ಲಕ್ಕೂ ಹೊಂದುವುದು ಇದರ ದೊಡ್ಡ ಅನುಕೂಲ. ವಿಳಂಬ ಇದರ ದೊಡ್ಡ ಕೊರತೆ.

ಟಿವಿ ವೀಕ್ಷಣೆಯಲ್ಲಿ ವಿಳಂಬದ ಸಮಸ್ಯೆ

ಬ್ಲೂಟೂತ್ ಪ್ರೇಷಕವು ಧ್ವನಿಯನ್ನು ಮೊದಲು ಸಂಕುಚಿತಗೊಳಿಸಿ ಸಣ್ಣ ಪೊಟ್ಟಣಗಳನ್ನಾಗಿ ಮಾಡುತ್ತದೆ. ದಾರಿಯಲ್ಲಿ ಕೆಲವು ಪೊಟ್ಟಣಗಳು ಕಳೆದುಹೋದರೆ ಮರಳಿ ತರಿಸಿಕೊಳ್ಳಲು ಕಾಲಾವಕಾಶ ಬೇಕು. ಅದಕ್ಕಾಗಿ ಹೆಡ್‌ಫೋನು ಸ್ವಲ್ಪ ಧ್ವನಿಯನ್ನು ಸಂಗ್ರಹಿಸಿಟ್ಟುಕೊಂಡು ಅನಂತರ ನುಡಿಸುತ್ತದೆ. ಈ ಎಲ್ಲ ಹಂತಗಳಿಂದ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ 150ರಿಂದ 250 ಮಿಲಿಸೆಕೆಂಡುಗಳಷ್ಟು ವಿಳಂಬ ಉಂಟಾಗುವುದುಂಟು. ಕೇವಲ ಹಾಡು ಕೇಳುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಹೋಲಿಸಿ ನೋಡಲು ಎದುರಿಗೆ ಏನೂ ಇರುವುದಿಲ್ಲ. ಟಿವಿಯಲ್ಲಿ ಮಾತ್ರ ವಾರ್ತಾವಾಚಕರ ತುಟಿ ಮೊದಲು ಆಡಿ ಮಾತು ಹಿಂದಿನಿಂದ ಬರುತ್ತದೆ. ಕ್ರಿಕೆಟ್ ಚೆಂಡು ಬ್ಯಾಟಿನಿಂದ ದೂರ ಸಾಗಿದ ಮೇಲೆ ಹೊಡೆತದ ಸದ್ದು ಕೇಳಿಸುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ, ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಅಥವಾ 125 ಮಿಲಿಸೆಕೆಂಡು ಹಿಂದಾದರೆ ವೀಕ್ಷಕರಿಗೆ ವ್ಯತ್ಯಾಸ ಗೊತ್ತಾಗತೊಡಗುತ್ತದೆ. ಧ್ವನಿ ತಡವಾಗುವುದನ್ನು ನಾವು ಹೆಚ್ಚು ಸಹಿಸುತ್ತೇವೆ. ಇದು ಪ್ರಕೃತಿಸಹಜ: ಮಿಂಚಿನ ಅನಂತರವೇ ಗುಡುಗು, ದೂರದ ಕಲ್ಲಿನ ಮೇಲೆ ಅಗಸ ಬಟ್ಟೆ ಒಗೆದ ಅನಂತರವೇ ಅದರ ಸದ್ದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ 200 ಮಿಲಿಸೆಕೆಂಡು ವಿಳಂಬವೆಂದರೆ ಸುಮಾರು 69 ಮೀಟರ್ ದೂರದಿಂದ ಕೇಳಿದಂತೆ. ಎದುರಿಗೇ ಕಾಣುವ ಮುಖಕ್ಕೆ ಅಷ್ಟು ದೂರದ ಧ್ವನಿ ಒಪ್ಪುವುದಿಲ್ಲ.

ಮೊಬೈಲ್ ಫೋನಿನಲ್ಲಿ ವಿಡಿಯೊ ನೋಡುವಾಗ ಅನೇಕ ಆ್ಯಪ್‌ಗಳು ಚಿತ್ರವನ್ನೇ ತುಸು ತಡೆದು ಹೊಂದಿಸಿಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್‌ನಿಂದ ಬರುವ ನೇರ ಪ್ರಸಾರದಲ್ಲಿ ಈ ಹೊಂದಾಣಿಕೆಯನ್ನು ನೆಚ್ಚುವಂತಿಲ್ಲ. ಟಿವಿಯ ಆಯ್ಕೆಪಟ್ಟಿಯಲ್ಲಿ ಕಾಣುವ ಧ್ವನಿ ವಿಳಂಬದ ಸೌಲಭ್ಯವು ಸಾಮಾನ್ಯವಾಗಿ ಧ್ವನಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುವಂಥದು. ಈಗಾಗಲೇ ಹಿಂದುಳಿದ ಧ್ವನಿಯನ್ನು ಅದು ಮುಂದಕ್ಕೆ ತರಲಾರದು. ಆದ್ದರಿಂದ ಟಿವಿಯೇ ಮುಖ್ಯವಾದವರಿಗೆ ರೇಡಿಯೊ ಪೀಠವುಳ್ಳ ಹೆಡ್‌ಫೋನು ಸೂಕ್ತ. ಬ್ಲೂಟೂತೇ ಬೇಕೆಂದರೆ ಕಡಿಮೆ ವಿಳಂಬದ ವಿಧಾನವನ್ನು ಟಿವಿ ಮತ್ತು ಹೆಡ್‌ಫೋನು ಎರಡೂ ಬೆಂಬಲಿಸಬೇಕು. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ವಿಧಾನದಲ್ಲಿ ವಿಳಂಬ ಸುಮಾರು 40 ಮಿಲಿಸೆಕೆಂಡಿಗೆ ಇಳಿಯುತ್ತದೆ. ಎರಡರಲ್ಲಿ ಒಂದಕ್ಕೆ ಮಾತ್ರ ಆ ಸೌಲಭ್ಯವಿದ್ದರೆ ಪ್ರಯೋಜನವಿಲ್ಲ.

ಟಿವಿಗೆ ಜೋಡಿಸುವ ಬಗೆ

ಖರೀದಿಗೆ ಮೊದಲು ಟಿವಿಯ ಹಿಂಬದಿಯನ್ನು ನೋಡುವುದು ಅಗತ್ಯ. ಅಲ್ಲಿ 3.5 ಮಿಲಿಮೀಟರಿನ ಹೆಡ್‌ಫೋನ್ ಕಿಂಡಿ, ಕೆಂಪು–ಬಿಳಿ ಬಣ್ಣದ ಧ್ವನಿ ಕಿಂಡಿಗಳು ಅಥವಾ ಆಪ್ಟಿಕಲ್ ಕಿಂಡಿ ಇರಬಹುದು. ಕೆಂಪು–ಬಿಳಿ ಕಿಂಡಿಗಳು ಧ್ವನಿ ಹೊರಬರುವವೋ ಒಳಹೋಗುವವೋ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಆಪ್ಟಿಕಲ್ ಕಿಂಡಿಗೆ ಪೀಠವನ್ನು ಜೋಡಿಸಿದಾಗ ಧ್ವನಿಯೇ ಬಾರದಿದ್ದರೆ, ಟಿವಿಯ ಡಿಜಿಟಲ್ ಧ್ವನಿಯ ಆಯ್ಕೆಯನ್ನು ಡಾಲ್ಬಿಯಿಂದ ಪಿಸಿಎಂಗೆ ಬದಲಿಸಿ ನೋಡಬೇಕು; ಅನೇಕ ಪೀಠಗಳಿಗೆ ಡಾಲ್ಬಿ ಸಂಕೇತ ಅರ್ಥವಾಗುವುದಿಲ್ಲ.

ಮನೆಮಂದಿ ಒಟ್ಟಾಗಿ ನೋಡುವಲ್ಲಿ ಇನ್ನೊಂದು ಪ್ರಶ್ನೆಯಿದೆ. ಹೆಡ್‌ಫೋನ್ ಜೋಡಿಸಿದೊಡನೆ ಅನೇಕ ಟಿವಿಗಳ ಸ್ಪೀಕರ್ ಮೌನವಾಗುತ್ತದೆ. ಒಬ್ಬರಿಗೆ ಕೇಳಿಸಿದರೆ ಉಳಿದವರಿಗೆ ಕೇಳಿಸದು. ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರಲ್ಲಿಯೂ ಏಕಕಾಲಕ್ಕೆ ಧ್ವನಿ ಬರುವ ಆಯ್ಕೆ ಟಿವಿಯಲ್ಲಿದೆಯೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸುವುದು ಲೇಸು. ಇಲ್ಲವಾದರೆ, ಸೆಟ್‌ಟಾಪ್ ಬಾಕ್ಸ್‌ನಲ್ಲಿ ಪ್ರತ್ಯೇಕ ಧ್ವನಿ ಕಿಂಡಿ ಇದ್ದಲ್ಲಿ ಪೀಠವನ್ನು ಅದಕ್ಕೇ ಜೋಡಿಸಿ ನೋಡಬಹುದು.

ಸಂಗೀತ ಶ್ರವಣ

ಸಿ.ಡಿ.ಯಲ್ಲಿರುವ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೊಬಿಟ್ ಮಾಹಿತಿ ಬೇಕು. ಬ್ಲೂಟೂತಿನ ಮೂಲ ಸಂಕೋಚನ ವಿಧಾನವಾದ ಎಸ್‌ಬಿಸಿ ಸಾಮಾನ್ಯವಾಗಿ 328 ಕಿಲೊಬಿಟ್‌ವರೆಗೆ, ಸೋನಿಯ ಎಲ್‌ಡ್ಯಾಕ್ 990 ಕಿಲೊಬಿಟ್‌ವರೆಗೆ ಸಾಗಿಸುತ್ತವೆ. ಇಂಥ ಸಂಕೋಚನ ವಿಧಾನಗಳನ್ನು ಕೋಡೆಕ್ ಎನ್ನುತ್ತಾರೆ. ಇಲ್ಲಿಯೂ ಎರಡೂ ಸಾಧನಗಳ ಒಪ್ಪಿಗೆ ಬೇಕು: ಐಫೋನುಗಳು ಎಲ್‌ಡ್ಯಾಕನ್ನು ಬೆಂಬಲಿಸುವುದಿಲ್ಲವಾದ್ದರಿಂದ ಅವುಗಳೊಂದಿಗೆ ಬಳಸಲು ಅದಕ್ಕಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಕೋಡೆಕ್‌ಗಿಂತಲೂ ಹೆಡ್‌ಫೋನಿನ ರಚನೆ ಹಾಗೂ ಅದು ಕಿವಿಗೆ ಕೂರುವ ಬಗೆಯೇ ಧ್ವನಿಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ಕಿವಿಯೊಳಗಿಡುವ ಇಯರ್‌ಬಡ್‌ನ ರಬ್ಬರು ತುದಿ ಅಳತೆಗೆ ಸರಿಯಾಗಿ ಕೂರದಿದ್ದರೆ ಮಂದ್ರದ ನಾದ ಸೋರಿಹೋಗುತ್ತದೆ.

ಪರೀಕ್ಷೆಗೆ ತಮಗೆ ಚೆನ್ನಾಗಿ ಪರಿಚಯವಿರುವ ಸಂಗೀತವನ್ನೇ ಆರಿಸಿಕೊಳ್ಳಬೇಕು. ಕರ್ನಾಟಕ ಸಂಗೀತದ ಕಛೇರಿಯ ಧ್ವನಿಮುದ್ರಣ ಇದಕ್ಕೆ ಒಳ್ಳೆಯ ಒರೆಗಲ್ಲು. ತಂಬೂರಿಯ ನಾದದಲ್ಲಿ ಮೂಲಸ್ವರದೊಂದಿಗೆ ಅನೇಕ ಉಪಸ್ವರಗಳು ಹೊಮ್ಮುತ್ತವೆ, ಸಿ. ವಿ. ರಾಮನ್ ಅವರು 1920ರ ಹೊತ್ತಿಗೆ ತಂಬೂರಿ, ವೀಣೆ, ಮೃದಂಗಗಳ ಈ ನಾದಗುಣವನ್ನು ಅಧ್ಯಯನ ಮಾಡಿದ್ದರು. ಗಾಯನದ ಹಿಂದೆ ತಂಬೂರಿ ಸ್ಪಷ್ಟವಾಗಿ ಉಳಿದಿದೆಯೇ, ಮೃದಂಗದ ಎಡಭಾಗದ ನಾದ ಗುಂಯ್ಗುಡದೆ ಬಿಡಿಯಾಗಿ ಕೇಳಿಸುತ್ತಿದೆಯೇ, ಪಿಟೀಲಿನ ತಾರಸ್ಥಾಯಿ ಕಿವಿಗೆ ಇರಿಯುತ್ತಿದೆಯೇ ಎಂಬುದನ್ನು ಗಮನಿಸಿದರೆ ಸಾಕು. ಮಂದ್ರವನ್ನು ಅತಿಯಾಗಿ ಉಬ್ಬಿಸುವ ಹೆಡ್‌ಫೋನುಗಳು ಮೊದಲ ಕ್ಷಣಕ್ಕೆ ಆಕರ್ಷಕವೆನಿಸಿದರೂ ಗಾಯಕರ ಸಾಹಿತ್ಯವನ್ನು ಮಸುಕುಗೊಳಿಸುತ್ತವೆ.

ಗದ್ದಲ ನಿವಾರಣೆಯ ಸೌಲಭ್ಯವುಳ್ಳ ಹೆಡ್‌ಫೋನುಗಳಲ್ಲಿ ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಗ್ರಹಿಸುತ್ತವೆ. ಅದಕ್ಕೆ ವಿರುದ್ಧವಾದ ತರಂಗವನ್ನು ಹೆಡ್‌ಫೋನು ಸೃಷ್ಟಿಸಿ ಆ ಸದ್ದನ್ನು ತಗ್ಗಿಸುತ್ತದೆ. ಬಸ್ಸಿನ ಇಂಜಿನ್, ಫ್ಯಾನು, ವಿಮಾನ ಇವುಗಳ ಏಕತಾನದ ಮೊರೆತಕ್ಕೆ ಇದು ಪರಿಣಾಮಕಾರಿ. ಮಾತು, ಕುಕ್ಕರಿನ ಸೀಟಿಯಂಥ ಏರಿಳಿತದ ಅಥವಾ ಉಚ್ಚ ಸ್ವರದ ಸದ್ದುಗಳಿಗೆ ಅಷ್ಟಾಗಿ ಅಲ್ಲ. ರಸ್ತೆಯಲ್ಲಿ ನಡೆಯುವಾಗ ಈ ಸೌಲಭ್ಯವನ್ನು ಬಳಸುವುದು ಅಪಾಯಕರ.

ಶ್ರವಣಶಕ್ತಿ ಮತ್ತು ಸುರಕ್ಷತೆ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ ಈ ಮಟ್ಟ 75 ಡೆಸಿಬೆಲ್. ಧ್ವನಿ 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತದೆ. 90 ಡೆಸಿಬೆಲ್‌ಗೆ ಏರಿಸಿದರೆ ವಾರಕ್ಕೆ ಸುಮಾರು 4 ಗಂಟೆ ಮಾತ್ರ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಈ ನಷ್ಟ ಶಾಶ್ವತ.

ವಯಸ್ಸಾದಂತೆ ಕಿವಿಯು ಮೊದಲು ಉಚ್ಚ ಕಂಪನಾಂಕದ ಧ್ವನಿಗಳನ್ನು ಕಳೆದುಕೊಳ್ಳುತ್ತದೆ. ಮಾತಿನ ಗಟ್ಟಿತನ ಉಳಿಯುತ್ತದೆ, ವ್ಯಂಜನಗಳ ಸ್ಪಷ್ಟತೆ ಮಾಯವಾಗುತ್ತದೆ. ಕಾಲು, ಸಾಲು, ಹಾಲು ಎಂಬ ಪದಗಳ ಭೇದ ಅಳಿಸಿಹೋದಂತಾಗಿ, ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳುವುದು ಇದರಿಂದಲೇ. ಟಿವಿಯ ಧ್ವನಿಯನ್ನು ಮನೆ ತುಂಬ ಏರಿಸುವುದರಿಂದ ಇದು ಪರಿಹಾರವಾಗದು. ಹೆಡ್‌ಫೋನು ಧ್ವನಿಯನ್ನು ಕಿವಿಯ ಹತ್ತಿರಕ್ಕೆ ತಂದು, ಕೋಣೆಯ ಮಾರ್ದನಿಯನ್ನೂ ಸುತ್ತಲಿನ ಗದ್ದಲವನ್ನೂ ತಗ್ಗಿಸುವುದರಿಂದ ಮಾತು ಹೆಚ್ಚು ಸ್ಪಷ್ಟವಾಗುತ್ತದೆ. ಎಡ–ಬಲ ಕಿವಿಗಳ ಧ್ವನಿಯನ್ನು ಬೇರೆ ಬೇರೆಯಾಗಿ ಹೊಂದಿಸುವ ಅವಕಾಶವುಳ್ಳ ಮಾದರಿಗಳು ಇಂಥವರಿಗೆ ವಿಶೇಷ ಉಪಯುಕ್ತ. ಶ್ರವಣಯಂತ್ರ ಧರಿಸುವವರಿಗೆ ಇಡೀ ಕಿವಿಯನ್ನು ಆವರಿಸುವ ದೊಡ್ಡ ಬಟ್ಟಲಿನ ಹೆಡ್‌ಫೋನು ಬೇಕಾಗುತ್ತದೆ. ಹತ್ತಿರವಾದಾಗ ಯಂತ್ರ ಸಿಳ್ಳೆ ಹಾಕದೆ ಇರುವುದೇ ಎಂದು ಧರಿಸಿ ನೋಡಬೇಕು.

ಹೆಡ್‌ಫೋನು ಶ್ರವಣಯಂತ್ರಕ್ಕೆ ಬದಲಿಯಲ್ಲ. ಟಿವಿಯ ಧ್ವನಿಯನ್ನು ಏರಿಸುತ್ತಲೇ ಹೋಗಬೇಕಾದ ಸ್ಥಿತಿ ಬಂದರೆ ಅದು ಶ್ರವಣ ಪರೀಕ್ಷೆಯ ಅಗತ್ಯವನ್ನು ಸೂಚಿಸುತ್ತದೆ. ಕರ್ನಾಟಕದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಪರೀಕ್ಷೆ ಮತ್ತು ಚಿಕಿತ್ಸೆಗೆ ಹೆಸರಾಗಿದೆ.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• ಮುಖ್ಯ ಬಳಕೆ ಯಾವುದು: ಟಿವಿಯೇ, ಸಂಗೀತವೇ, ಎರಡೂ ಆಗಬೇಕೇ?
• ಬೇಕಾದ ಕಿಂಡಿ ಅಥವಾ ಬ್ಲೂಟೂತ್ ಸೌಲಭ್ಯ ಟಿವಿಯಲ್ಲಿದೆಯೇ?
• ತೂಕ ಮತ್ತು ಬಿಗಿತ. ಒಂದೆರಡು ನಿಮಿಷ ಹಿತವೆನಿಸಿದ್ದು ಎರಡು ಗಂಟೆಯ ಸಿನಿಮಾದಲ್ಲಿ ಹಿಂಸೆಯಾಗಬಹುದು. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು.
• ಗುಂಡಿಗಳು ಕೈಬೆರಳಿಗೆ ತಡವಿ ಗುರುತಿಸುವಷ್ಟು ದೊಡ್ಡವೇ? ಸ್ಪರ್ಶದಿಂದ ನಡೆಯುವ ಚಿಕ್ಕ ಇಯರ್‌ಬಡ್‌ಗಳು ಹಿರಿಯರಿಗೆ ಕಷ್ಟವಾಗಬಹುದು.
• ತಂತಿ ಜೋಡಿಸಿಯೂ ಬಳಸಬಹುದೇ? ಬ್ಯಾಟರಿ ಮುಗಿದಾಗ ಇದು ನೆರವಾಗುತ್ತದೆ.
• ಭಾರತೀಯ ಮಾನಕ ಬ್ಯೂರೊದ ನೋಂದಣಿ ಸಂಖ್ಯೆ, ಖಾತರಿಯ ಅವಧಿ, ಕಿವಿಮೆತ್ತೆಗಳು ಬಿಡಿಯಾಗಿ ಸಿಗುವವೇ?

ಬ್ಯಾಟರಿ ಮತ್ತು ವಿಲೇವಾರಿ

ಬಹುತೇಕ ನಿಸ್ತಂತು ಹೆಡ್‌ಫೋನುಗಳಲ್ಲಿ ಲಿಥಿಯಂ ಬ್ಯಾಟರಿಯಿದ್ದು, ವರ್ಷಗಳು ಕಳೆದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ. ಇಯರ್‌ಬಡ್‌ಗಳ ಬ್ಯಾಟರಿಯನ್ನು ಬದಲಿಸುವುದು ಸಾಮಾನ್ಯವಾಗಿ ಅಸಾಧ್ಯವಾದ್ದರಿಂದ ಅವುಗಳ ಆಯುಷ್ಯ ಬ್ಯಾಟರಿಯ ಆಯುಷ್ಯವೇ ಆಗಿದೆ. ಟಿವಿಗೆಂದೇ ತಯಾರಾದ ಕೆಲವು ಹೆಡ್‌ಫೋನುಗಳಲ್ಲಿ ಬ್ಯಾಟರಿಯನ್ನು ಬಳಕೆದಾರರೇ ಬದಲಿಸಬಹುದು. ದೀರ್ಘಕಾಲದ ಬಳಕೆಗೆ ಇವು ಮಿತವ್ಯಯದವು. ಕೆಟ್ಟ ಹೆಡ್‌ಫೋನನ್ನು ಮನೆಯ ಕಸದೊಂದಿಗೆ ಬೆರೆಸದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಜಜ್ಜಿದ ಲಿಥಿಯಂ ಬ್ಯಾಟರಿಯು ಬೆಂಕಿಗೆ ಕಾರಣವಾಗಬಲ್ಲದು.