ಸೋತ ತಂಡಕ್ಕೆ ಹೊಸ ಗುರು ಬಂದರೆ ಸಾಕೆ?

ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಆದರೆ ನಮ್ಮ ಮನೆಯ ಮಗ ಆಡುವ ಕಾಲೇಜು ತಂಡ ಮೇಲಿಂದ ಮೇಲೆ ಸೋಲತೊಡಗಿದಾಗ ಆ ಮಾತು ಮರೆತುಹೋಗುತ್ತದೆ. "ಆ ಮಾಸ್ತರರನ್ನು ತೆಗೆದು ಬೇರೆಯವರನ್ನು ತಂದರೆ ಎಲ್ಲ ಸರಿಹೋದೀತು" ಎಂಬ ಸಲಹೆ ಊರ ಕಟ್ಟೆಯ ಮೇಲೂ ಆಡಳಿತ ಮಂಡಳಿಯ ಸಭೆಯಲ್ಲೂ ಕೇಳಿಬರುತ್ತದೆ. ಇಡೀ ತಂಡವನ್ನು ಬದಲಿಸುವುದು ಕಷ್ಟ. ಒಬ್ಬ ಗುರುವನ್ನು ಬದಲಿಸುವುದು ಸುಲಭ. ಆದರೆ ಸುಲಭವಾದುದೆಲ್ಲವೂ ಸರಿಯಾದುದೆ? ಈ ಪ್ರಶ್ನೆಯನ್ನು ಓದುಗ ಬಂಧುಗಳೊಡನೆ ಕುಳಿತು ವಿಚಾರಿಸುವುದೇ ಈ ಲೇಖನದ ಉದ್ದೇಶ.

ತುಂಗಭದ್ರೆಯ ಎಡದಂಡೆಯ ಸಾಣಾಪುರ, ಆನೆಗೊಂದಿ, ಗಂಗಾವತಿಗಳ ಕಡೆ ಫುಟ್‌ಬಾಲ್ ಅಷ್ಟಾಗಿ ಬಳಕೆಯ ಆಟವಲ್ಲ. ಕಬಡ್ಡಿ, ಖೋ ಖೋ, ವಾಲಿಬಾಲ್, ಕ್ರಿಕೆಟ್‌ಗಳೇ ನಮ್ಮ ಮಕ್ಕಳಿಗೆ ಹೆಚ್ಚು ಪರಿಚಿತ. ಆದರೂ ಗುರುವಿನ ಬದಲಾವಣೆಯಿಂದ ತಂಡಕ್ಕೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಫುಟ್‌ಬಾಲಿನಷ್ಟು ಸ್ಪಷ್ಟವಾಗಿ ಬೇರೆ ಆಟ ತೋರಿಸಲಾರದು. ಅದಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ಒಳ್ಳೆಯ ಉದಾಹರಣೆಯೊಂದಿದೆ.

ಬೆಂಗಳೂರಿನ ಪಾಠ

ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 2013ರಲ್ಲಿ. ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಗೆದ್ದಿತು. 2018-19ರಲ್ಲಿ ಕಾರ್ಲೆಸ್ ಕ್ವಾದ್ರಾತ್ ಅವರ ಕಾಲದಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯೂ ಕೈಸೇರಿತು. ಆದರೆ ಅದೇ ಕ್ವಾದ್ರಾತ್ ಅವರು ಸತತ ಮೂರು ಸೋಲುಗಳ ನಂತರ 2021ರ ಜನವರಿಯಲ್ಲಿ ಸ್ಥಾನ ಬಿಡಬೇಕಾಯಿತು. ಆ ವರ್ಷ ತಂಡವೇನೂ ಮೇಲೇಳಲಿಲ್ಲ. ಏಳನೆಯ ಸ್ಥಾನದಲ್ಲಿ ಉಳಿಯಿತು.

2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ಬಂದ ವರ್ಷವೇ ಡುರಾಂಡ್ ಕಪ್ ಗೆದ್ದುಕೊಟ್ಟರು. ಆದರೆ ಲೀಗ್ ಶುರುವಾದ ಮೇಲೆ ತಂಡ ಸೋಲುಗಳ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅಂದು ಅವರನ್ನು ತೆಗೆಯಬೇಕೆಂದು ಯಾರಾದರೂ ಹೇಳಿದ್ದರೆ ಆಶ್ಚರ್ಯಪಡುವಂತಿರಲಿಲ್ಲ. ಕ್ಲಬ್ ತಾಳ್ಮೆ ತೋರಿತು. ಅದೇ ಗುರು, ಅದೇ ಆಟಗಾರರು ಲೀಗ್ ಹಂತದ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೇರಿದರು; 2023ರ ಮಾರ್ಚ್‌ನಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಪೆನಾಲ್ಟಿಯಲ್ಲಿ ಮಾತ್ರ ಸೋತರು.

ಮರುವರ್ಷ ಮತ್ತೆ ಕಷ್ಟ ಬಂತು. ಒಂಬತ್ತು ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. 2023ರ ಡಿಸೆಂಬರ್ 8ರಂದು ತಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿ ತಂಡಕ್ಕೆ 4-0 ಅಂತರದಿಂದ ಸೋತ ಮರುದಿನವೇ ಗ್ರೇಸನ್ ಅವರನ್ನು ಬೀಳ್ಕೊಡಲಾಯಿತು. ವಾರದೊಳಗೆ ಸ್ಪೇನಿನ ಜೆರಾರ್ಡ್ ಜರಗೋಜಾ ಆ ಸ್ಥಾನಕ್ಕೆ ಬಂದರು. ಹೊಸ ಗುರು ಬಂದದ್ದರಿಂದ ಆ ವರ್ಷದ ಕಥೆ ಬದಲಾಯಿತೆ? ಇಲ್ಲ. 22 ಪಂದ್ಯಗಳಲ್ಲಿ 22 ಅಂಕ ಗಳಿಸಿ, 12 ತಂಡಗಳ ಲೀಗಿನಲ್ಲಿ ಬೆಂಗಳೂರು ಹತ್ತನೆಯದಾಯಿತು.

ಗಮನಿಸಬೇಕಾದ ಸಂಗತಿ ಮುಂದಿನದು. ಹತ್ತನೆಯ ಸ್ಥಾನಕ್ಕೆ ಇಳಿದ ಗುರುವನ್ನು ಕ್ಲಬ್ ತೆಗೆಯಲಿಲ್ಲ. ಋತುವಿನ ಮೊದಲ ದಿನದಿಂದಲೇ ತಂಡವನ್ನು ಸಿದ್ಧಗೊಳಿಸುವ ಅವಕಾಶ ಅವರಿಗೆ ದೊರೆಯಿತು. ಅನುಭವಿ ಆಟಗಾರರು ಬಂದರು. ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗರಿಗೂ ಬಾಗಿಲು ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಲೀಗಿನ ತಂಡದ ಮೊದಲ ಗೋಲು ಹೊಡೆದವನು ಹತ್ತೊಂಬತ್ತು ವರ್ಷದ ವಿನಿತ್ ವೆಂಕಟೇಶ್. ನಲವತ್ತು ವರ್ಷದ ಸುನಿಲ್ ಛೆಟ್ರಿ ಆ ಋತುವಿನಲ್ಲಿ 14 ಗೋಲು ಗಳಿಸಿದರು. ತಂಡ 38 ಅಂಕಗಳೊಡನೆ ಮೂರನೆಯ ಸ್ಥಾನ ಪಡೆಯಿತು. ಹಿಂದೆ ತನ್ನನ್ನು ನಾಲ್ಕು ಗೋಲುಗಳಿಂದ ಸೋಲಿಸಿದ್ದ ಮುಂಬಯಿಯನ್ನು ಐದು ಗೋಲುಗಳಿಂದ ಸೋಲಿಸಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಅಂತಿಮ ಪಂದ್ಯವಾಡಿತು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತರೂ ಅದು ತಲೆತಗ್ಗಿಸುವ ಸೋಲಾಗಿರಲಿಲ್ಲ.

ಹೀಗೆ ಒಂದೇ ಕ್ಲಬ್ಬಿನಲ್ಲಿ ಎರಡು ಸಲ ತಾಳ್ಮೆ ಫಲ ಕೊಟ್ಟಿತು. ಎರಡು ಸಲ ನಡುದಾರಿಯಲ್ಲಿ ಮಾಡಿದ ಬದಲಾವಣೆ ಆ ವರ್ಷದ ಮಟ್ಟಿಗೆ ಫಲ ಕೊಡಲಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ

ಕಾಲೇಜು ಫುಟ್‌ಬಾಲ್ ಒಂದು ಮಹೋತ್ಸವವೇ ಆಗಿರುವುದು ಅಮೆರಿಕದಲ್ಲಿ. ಅವರ ಫುಟ್‌ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟವದು. ಅಲ್ಲಿಯ ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕಾಲೇಜು ತಂಡದ ಕೋಚ್‌ಗೆ ಎಂದರೆ ಅದರ ಮಹತ್ವ ತಿಳಿದೀತು. ಅಷ್ಟೇ ಬೇಗ ಅವರನ್ನು ತೆಗೆದುಹಾಕುವುದೂ ಉಂಟು.

ಇದರಿಂದ ಲಾಭವಾಗುತ್ತದೆಯೆ ಎಂದು ಆಡ್ಲರ್, ಬೆರ್ರಿ, ಡೊಹರ್ಟಿ ಎಂಬ ಮೂವರು ವಿದ್ವಾಂಸರು 1997ರಿಂದ 2010ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದರು. ತೀರ ಸೋತ ತಂಡಗಳಲ್ಲಿ ಕೋಚ್ ಬದಲಾದರೂ ಬದಲಾಗದಿದ್ದರೂ ಮುಂದಿನ ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸಾಧಾರಣ ಮಟ್ಟದ ತಂಡಗಳಲ್ಲಿಯಂತೂ ಕೋಚ್ ಬದಲಿಸಿದವುಗಳೇ ಹಿಂದೆ ಬಿದ್ದವು. ನೆಬ್ರಾಸ್ಕ ವಿಶ್ವವಿದ್ಯಾಲಯದ ಅನುಭವ ಇದಕ್ಕೆ ತಕ್ಕ ನಿದರ್ಶನ. 2003ರಲ್ಲಿ ಒಂಬತ್ತು ಪಂದ್ಯ ಗೆದ್ದು ಮೂರರಲ್ಲಿ ಸೋತ ಫ್ರಾಂಕ್ ಸೋಲಿಚ್ ಅವರನ್ನು ಅಲ್ಲಿ ತೆಗೆದರು. ಮರುವರ್ಷ ಹೊಸ ಕೋಚ್ ಕೈಯಲ್ಲಿ ಗೆಲುವು ಐದು, ಸೋಲು ಆರು. ಗೆಲುವಿಗಿಂತ ಸೋಲು ಹೆಚ್ಚಾದ ವರ್ಷವನ್ನು ಆ ವಿಶ್ವವಿದ್ಯಾಲಯ 1961ರ ನಂತರ ಕಂಡದ್ದು ಆಗಲೇ.

ಹಾಗೆಂದು ಬದಲಾವಣೆ ಎಂದೂ ಫಲಿಸದು ಎನ್ನಲಾಗದು. ಇಂಡಿಯಾನ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಕರ್ಟ್ ಸಿಗ್ನೆಟಿ ಎಂಬ ಹೊಸ ಕೋಚ್ ಬಂದ ಮೇಲೆ 2024ರಲ್ಲಿ ಹನ್ನೊಂದು ಪಂದ್ಯ ಗೆದ್ದಿತು. ಆದರೆ ಸಿಗ್ನೆಟಿ ಒಬ್ಬರೇ ಬಂದವರಲ್ಲ. ಹಿಂದಿನ ಕಾಲೇಜಿನಲ್ಲಿ ತಾವು ತಿದ್ದಿ ಬೆಳೆಸಿದ್ದ ಹತ್ತಕ್ಕೂ ಹೆಚ್ಚು ಆಟಗಾರರು, ಜೊತೆಯ ಸಹಾಯಕರು ಅವರೊಡನೆ ಬಂದರು. ಬದಲಾದದ್ದು ಒಬ್ಬ ಮನುಷ್ಯನಲ್ಲ, ಇಡೀ ವ್ಯವಸ್ಥೆ.

ಮೊದಲ ಗೆಲುವು ಮೋಸಗೊಳಿಸುತ್ತದೆ

ಹೊಸ ಗುರು ಬಂದ ಕೂಡಲೇ ಒಂದೆರಡು ಪಂದ್ಯ ಗೆಲ್ಲುವುದು ಅಪರೂಪವಲ್ಲ. "ನೋಡಿದಿರಾ, ಬದಲಿಸಿದ್ದಕ್ಕೇ ಗೆದ್ದರು" ಎಂದು ನಾವು ಹಿಗ್ಗುತ್ತೇವೆ. ಹಾಲೆಂಡಿನ ಬಾಸ್ ಟರ್ ವೇಲ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಫುಟ್‌ಬಾಲ್ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ತೂಗಿ ನೋಡಿದಾಗ, ಗುರುವನ್ನು ಬದಲಿಸದೆ ಉಳಿದ ಸೋತ ತಂಡಗಳೂ ಹಾಗೆಯೇ ಚೇತರಿಸಿಕೊಂಡದ್ದು ಕಂಡುಬಂತು. ತೀರ ಕೆಳಗಿಳಿದ ತಂಡ ತನ್ನ ಸಹಜ ಮಟ್ಟಕ್ಕೆ ಹೇಗೂ ಮರಳುತ್ತದೆ. ಬರಗಾಲದ ಮರುವರ್ಷ ಸಾಧಾರಣ ಮಳೆ ಬಂದರೆ ಅದನ್ನು ಹೊಸದಾಗಿ ಬಂದ ತಹಶೀಲ್ದಾರರ ಕಾಲ್ಗುಣವೆಂದು ಕೊಂಡಾಡಿದರೆ ಹೇಗೋ ಇದೂ ಹಾಗೆಯೇ.

ನಿಜವಾದ ಬದಲಾವಣೆ ನಿಧಾನದ್ದು. ಸಾಣಾಪುರದ ಕೆರೆ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ಮೇಲೆ ಕಾಲುವೆಗೆ ನೀರು ಬಿಟ್ಟ ದಿನವೇ ಕೊನೆಯ ಭಾಗದ ರೈತನ ಗದ್ದೆ ತುಂಬುವುದಿಲ್ಲವೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ನೀರು ತಲುಪಲು ದಿನಗಳು ಬೇಕು; ದಾರಿಯಲ್ಲಿ ಕಾಲುವೆ ಒಡೆದಿರಬಾರದು. ಗುರುವಿನ ವಿದ್ಯೆ ಕೊನೆಯ ಆಟಗಾರನ ಕಾಲಿಗೆ ಇಳಿಯುವುದಕ್ಕೂ ಇಷ್ಟೇ ಕಾಲ, ಇಷ್ಟೇ ಕಾಳಜಿ ಬೇಕು.

ನಮ್ಮ ಕಾಲೇಜುಗಳ ಸ್ಥಿತಿ

ಈಗ ನಮ್ಮ ತಾಲೂಕುಗಳ ಕಡೆ ದೃಷ್ಟಿ ಹಾಯಿಸೋಣ. ಬಹುತೇಕ ಪದವಿ ಕಾಲೇಜುಗಳಲ್ಲಿ ಎಲ್ಲ ಆಟಗಳಿಗೂ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕಬಡ್ಡಿಗೂ ಅವರೇ, ಓಟಕ್ಕೂ ಅವರೇ, ಕ್ರೀಡಾಕೂಟದ ಪತ್ರವ್ಯವಹಾರಕ್ಕೂ ಅವರೇ. ದೈಹಿಕ ಶಿಕ್ಷಕರು ಬೇರೆ, ತರಬೇತುದಾರರು ಬೇರೆ ಎಂಬುದನ್ನು ನಾವು ತಿಳಿಯಬೇಕು. ಬಿ.ಪಿ.ಇಡಿ., ಎಂ.ಪಿ.ಇಡಿ. ಓದಿದವರು ಎಲ್ಲ ಆಟಗಳ ಸಾಮಾನ್ಯ ಶಿಕ್ಷಣ ಪಡೆದವರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದವರು ಒಂದೇ ಆಟದಲ್ಲಿ ಪರಿಣತರು. ಮೊದಲನೆಯವರಿಂದ ಎರಡನೆಯವರ ಕೆಲಸ ಬೇಡಿ, ಅದು ಆಗದಿದ್ದಾಗ ದೂರುವುದು ನ್ಯಾಯವಲ್ಲ.

ಇನ್ನೊಂದು ತೊಡಕು, ವಿದ್ಯಾರ್ಥಿಗಳು ಕಾಲೇಜಿನಲ್ಲಿ ಇರುವುದೇ ಮೂರು ನಾಲ್ಕು ವರ್ಷ. ಕಲಿತ ಹುಡುಗ ಪದವಿ ಮುಗಿಸಿ ಹೊರಡುತ್ತಾನೆ. ಮತ್ತೆ ಹೊಸಬನಿಗೆ ಮೊದಲಿನಿಂದ ಹೇಳಿಕೊಡಬೇಕು. ಆದುದರಿಂದ ಗುರುವಿನ ಕೆಲಸವನ್ನು ಅಳೆಯಲು ಒಂದು ತಂಡದ ಹುಡುಗರು ಸೇರಿ, ಕಲಿತು, ಹೊರಹೋಗುವಷ್ಟು ಕಾಲವನ್ನಾದರೂ ಕೊಡುವುದು ತಕ್ಕದ್ದು.

ಒಳ್ಳೆಯ ಗುರು ಪರದೇಶದಿಂದಲೇ ಬರಬೇಕೆಂಬುದೂ ಇಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ನಮ್ಮ ನಾಡು 54 ವರ್ಷ ಕಾದಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಪ್ರಶಸ್ತಿಯನ್ನು ಮರಳಿ ತಂದಾಗ ತಂಡದ ತರಬೇತುದಾರರಾಗಿದ್ದವರು ರವಿಬಾಬು ರಾಜು.

ತಾಯಿತಂದೆಗಳಿಗೆ ಎರಡು ಮಾತು

ಮಾಸ್ತರರನ್ನು ಬದಲಿಸಿರೆಂದು ಅರ್ಜಿ ಬರೆಯುವ ಮೊದಲು ಕೆಲವನ್ನು ವಿಚಾರಿಸಿಕೊಳ್ಳಬೇಕು. ಮಕ್ಕಳಿಗೆ ಆಡಲು ಮಟ್ಟಸವಾದ ಬಯಲುಂಟೆ? ವರ್ಷವಿಡೀ ಅಭ್ಯಾಸ ನಡೆಯುತ್ತದೆಯೆ, ಇಲ್ಲವೆ ಪಂದ್ಯಕ್ಕೆ ವಾರವಿದ್ದಾಗ ಮಾತ್ರವೆ? ಬೆಳಿಗ್ಗೆ ಓಡಿಬಂದ ಹುಡುಗನ ಹೊಟ್ಟೆಗೆ ಹಾಲು, ಕಾಳು ಸಿಗುತ್ತದೆಯೆ? ಅಭ್ಯಾಸಕ್ಕೆ ನಿಂತರೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆಯೆ? ಇವುಗಳಿಗೆ ಸರಿಯಾದ ಉತ್ತರವಿಲ್ಲದಿದ್ದರೆ ಯಾವ ಗುರು ಬಂದರೂ ಫಲಿತಾಂಶ ಒಂದೇ.

ಆದರೆ ತಾಳ್ಮೆಗೂ ಮಿತಿಯುಂಟು. ಮಕ್ಕಳ ಮೇಲೆ ಕೈಮಾಡುವ, ಹೆಣ್ಣುಮಕ್ಕಳೊಡನೆ ಅನುಚಿತವಾಗಿ ವರ್ತಿಸುವ, ಜಾತಿ ನೋಡಿ, ಹಣ ಪಡೆದು ತಂಡಕ್ಕೆ ಆರಿಸುವ, ಗಾಯಗೊಂಡವನನ್ನು ಒತ್ತಾಯದಿಂದ ಆಡಿಸುವ ವ್ಯಕ್ತಿ ಎಷ್ಟೇ ಪಂದ್ಯ ಗೆದ್ದುಕೊಟ್ಟರೂ ಆ ಸ್ಥಾನಕ್ಕೆ ಅರ್ಹನಲ್ಲ. ಅಂಥವರ ವಿಷಯದಲ್ಲಿ ಒಂದು ದಿನವೂ ಕಾಯಬಾರದು. ಸೋಲಿಗೆ ತಾಳ್ಮೆ ಬೇಕು, ಅನ್ಯಾಯಕ್ಕೆ ಬೇಡ.

ಬದಲಿಸಲೇಬೇಕಾದ ಸಂದರ್ಭ ಬಂದರೂ ಅದನ್ನು ಮರ್ಯಾದೆಯಿಂದ ಮಾಡಬಹುದು. ವರ್ಷದ ನಡುವೆ ಅಲ್ಲ, ಕೊನೆಯಲ್ಲಿ. ಗುಂಪು ಕಟ್ಟಿ ಅಲ್ಲ, ಎದುರು ಕುಳಿತು. ಹುಡುಗರಿಗೆ ಕಾರಣ ತಿಳಿಸಿ. ಗುರುವನ್ನು ಹಿರಿಯರು ಹೇಗೆ ನಡೆಸಿಕೊಂಡರೆಂಬುದನ್ನು ಮಕ್ಕಳು ಗಮನಿಸುತ್ತಿರುತ್ತಾರೆ. ಪಂದ್ಯದ ಅಂಕಗಳು ಮರೆತುಹೋದ ಮೇಲೂ ಅವರ ಮನಸ್ಸಿನಲ್ಲಿ ಉಳಿಯುವುದು ಆ ನಡವಳಿಕೆಯೇ.